ಎರಡು ಮಿಲಿಮೀಟರ್ ವ್ಯತ್ಯಾಸ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ರೂಪಾಯಿ ತಾಳೆಯಾಗದಿದ್ದರೂ ಲೆಡ್ಜರ್ ಮುಚ್ಚಿ ಮನೆಗೆ ಹೋಗುವಂತಿರಲಿಲ್ಲ. ನಿವೃತ್ತನಾದ ಮೇಲೆ ಮರದ ಪುಟ್ಟ ವಿಮಾನಗಳನ್ನು ಮಾಡುವ ಗೀಳು ಹತ್ತಿತು. ಇಲ್ಲೂ ಲೆಕ್ಕ ಬಿಡಲಿಲ್ಲ!

ಮಕ್ಕಳೇ, ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ ‘ಮಾರುತ್’. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಅದು 1961ರ ಜೂನ್ 17ರಂದು ಮೊದಲು ಹಾರಿತು. ಅದಕ್ಕೂ ಮುಂಚೆ, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರ್ ಹಾರಿಸಿ ಪರೀಕ್ಷಿಸಿದ್ದರು. ದೊಡ್ಡ ಎಂಜಿನಿಯರುಗಳೂ ಮೊದಲು ಮಾದರಿಯನ್ನೇ ಮಾಡಿದರು ನೋಡಿ!

ನನ್ನ ಮಾರುತ್ ನಿಜವಾದದ್ದರ 72ನೇ ಒಂದು ಪಾಲು. 9 ಮೀಟರ್ ರೆಕ್ಕೆಯ ಹರವು ನನ್ನ ಮೇಜಿನ ಮೇಲೆ ಹನ್ನೆರಡೂವರೆ ಸೆಂಟಿಮೀಟರ್. ಗ್ರಾಫ್ ಹಾಳೆಯಲ್ಲಿ ಆಕಾರ ಬರೆದು, ಬಾಲ್ಸಾ ಮರ ಕೊಯ್ದು, ಮರಳು ಕಾಗದದಿಂದ ನಯವಾಗಿ ಉಜ್ಜಿ ಅಂಟಿಸಲು ಮೂರು ವಾರ ಹಿಡಿಯಿತು. ಇನ್ನೇನು ಬಣ್ಣ ಹಚ್ಚಬೇಕು, ಮೊಮ್ಮಗಳು ಸ್ಕೇಲ್ ಹಿಡಿದು ಬಂದಳು.

“ತಾತ, ಎಡ ರೆಕ್ಕೆ ಎರಡು ಮಿಲಿಮೀಟರ್ ಗಿಡ್ಡ.”

“ಯಾರಿಗೆ ಕಾಣುತ್ತೆ, ಬಿಡು ಪುಟ್ಟಿ.”

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “ಎರಡು ಇಂಟು 72, 144 ಮಿಲಿಮೀಟರ್. ನಿಜವಾದ ವಿಮಾನದಲ್ಲಿ ಹದಿನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ!”

ನನಗೆ ನಾಚಿಕೆಯಾಯಿತು. ಒಂದು ರೂಪಾಯಿಗೆ ರಾತ್ರಿಯವರೆಗೆ ಕೂರುತ್ತಿದ್ದವನು ನಾನೇ ತಾನೆ? ರೆಕ್ಕೆ ಕಿತ್ತು, ಇಬ್ಬರೂ ಕೂತು ಹೊಸದನ್ನು ಕೊಯ್ದೆವು. ಮತ್ತೆ ನಾಲ್ಕು ದಿನದ ಕೆಲಸ.

ಈಗ ಮಾರುತ್ ನಮ್ಮ ಷೋಕೇಸಿನಲ್ಲಿದೆ. ಬಂದವರು “ಎಷ್ಟು ಕೊಟ್ಟಿರಿ?” ಎಂದು ಕೇಳಿದರೆ ನನಗಿಂತ ಮೊದಲು ಅವಳೇ ಹೇಳುತ್ತಾಳೆ: “ಕೊಂಡಿದ್ದಲ್ಲ, ನಾವೇ ಮಾಡಿದ್ದು. ಬೇಕಾದರೆ ಅಳೆದು ನೋಡಿ!”