ಕಲಾವೆವೆಯ ದಂಡೆಯಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ವಿಶ್ರಾಂತಿಯೆಂಬುದರ ಅಭ್ಯಾಸವಿಲ್ಲದಿದ್ದರೆ ಆಶ್ಚರ್ಯವೇನಿಲ್ಲ. ಮಳೆ ಬಂದೀತೇ ಎಂದು ಮುಗಿಲು ನೋಡುವುದರಲ್ಲಿಯೇ ಆ ಸೀಮೆಯವರ ಅರ್ಧ ಆಯುಷ್ಯ ಕಳೆದಿರುತ್ತದೆ. ಹೀಗಿರುವಾಗ ಸಿಂಹಳದ ಗೆಳೆಯರಿಂದ ಕಾಗದ ಬಂತು. ಹಿಂದೊಮ್ಮೆ ಮೈಸೂರಿನಲ್ಲಿ ಜರುಗಿದ ಶಿಕ್ಷಕರ ಶಿಬಿರದಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. “ಏನನ್ನೂ ನೋಡಲಿಕ್ಕೆ ಬರಬೇಡಿರಿ, ಸುಮ್ಮನೆ ಇರಲಿಕ್ಕೆ ಬನ್ನಿರಿ” ಎಂದು ಬರೆದಿದ್ದರು. ಆ ಮಾತು ನನಗೆ ಹಿಡಿಸಿತು. ಬನದ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಇಂಡಿಯ ನಿಂಬೆಯ ಉಪ್ಪಿನಕಾಯಿಗಳ ಗಂಟಿನೊಡನೆ ಕೊಲಂಬೊದಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಕ್ಯಾಂಡಿಯ ಸಮೀಪದ ಅವರ ಮನೆ ಸೇರಿದೆ.

ಗೆಳೆಯರ ಪತ್ನಿ ಕೈಜೋಡಿಸಿ “ಆಯುಬೋವನ್” ಎಂದರು. ಆಯುಷ್ಯ ಹೆಚ್ಚಲಿ ಎಂಬ ಹರಕೆಯೇ ಅಲ್ಲಿಯ ನಮಸ್ಕಾರ. ಅನಂತರ ನನ್ನನ್ನು “ಅಯ್ಯಾ” ಎಂದೇ ಕರೆಯತೊಡಗಿದರು. ನಮ್ಮ ಕಡೆ ಅಯ್ಯ ಎಂದರೆ ಜೋಳಿಗೆ ಹಿಡಿದು ಬರುವ ಜಂಗಮ, ಸಿಂಹಳದಲ್ಲಿ ಅಣ್ಣ. ಯಾವ ಅರ್ಥ ಹಿಡಿದರೂ ಆ ಮನೆಯಲ್ಲಿ ನನಗೆ ಊಟದ ಹಕ್ಕು ದೊರೆಯಿತು! ತೆಂಗಿನ ಹಾಲಿನಲ್ಲಿ ಬೆಂದ ಅನ್ನವನ್ನು ತಟ್ಟೆಯಲ್ಲಿ ಒತ್ತಿ, ವಜ್ರಾಕಾರವಾಗಿ ಕೊಯ್ದು ಕೊಡುವ ಕಿರಿಬತ್ತನ್ನು ನಾನು ಉಂಡೆ. ನನ್ನ ರೊಟ್ಟಿಯನ್ನು ಅವರು ಮುರಿಮುರಿದು ತಿಂದರು. ಮೂರು ದಿನ ಅಂಗಳದ ಹಲಸಿನ ನೆರಳಿನಲ್ಲಿ ಮಲಗಿದ್ದುದರ ಹೊರತು ನಾನು ಮಾಡಿದ್ದೇನೂ ಇಲ್ಲ. ಅಂಗಡಿಗಳ ಹಲಗೆಗಳ ಮೇಲಿನ ದುಂಡಕ್ಷರಗಳನ್ನು ಕಂಡಾಗ ಮಾತ್ರ, ಇನ್ನೇನು ಓದಿಯೇ ಬಿಡುವೆನೆಂದು ಕಣ್ಣು ಮೋಸಹೋಗುತ್ತಿತ್ತು.

ಸಿಂಹಳದಲ್ಲಿ ಪ್ರತಿ ಹುಣ್ಣಿಮೆಯೂ ಸರಕಾರಿ ರಜೆ. 1966ರಿಂದ 1971ರವರೆಗೆ ರವಿವಾರದ ರಜೆಯನ್ನೇ ತೆಗೆದುಹಾಕಿ ಚಂದ್ರನ ಗತಿಯಂತೆ ವಾರದ ರಜೆ ಕೊಡುತ್ತಿದ್ದರಂತೆ. ಆ ಕಾಲದಲ್ಲಿ ರವಿವಾರದ ಪುರವಣಿಗಳ ಗತಿಯೇನಾಗಿತ್ತೋ! ಹುಣ್ಣಿಮೆಯಂದು ನಾವು ಅನುರಾಧಪುರದಲ್ಲಿದ್ದೆವು. ಅಶೋಕನ ಮಗಳು ಸಂಘಮಿತ್ರೆ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ತಂದಳೆನ್ನುವ ಬೋಧಿವೃಕ್ಷದ ಸುತ್ತ ಬಿಳಿಯುಡುಗೆಯ ಜನ ಕೊಡಗಳಲ್ಲಿ ನೀರು ಹೊತ್ತು ಸಾಲಾಗಿ ನಡೆಯುತ್ತಿದ್ದರು. ನೂಕಿಲ್ಲ, ಕೂಗಿಲ್ಲ. ನಮ್ಮೂರ ಕಟ್ಟೆಯಲ್ಲಿ ಅರಳಿಮರಕ್ಕೆ ನೀರೆರೆದು ಸುತ್ತು ಹಾಕುತ್ತಿದ್ದ ಅವ್ವನ ನೆನಪಾಯಿತು. ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆಯೇ ಮುಂದೆ ಸನ್ನತಿಗೆ ಹೋಗುತ್ತಾಳೆಂದೂ, ಅಲ್ಲಿಯ ಕನಗನಹಳ್ಳಿಯ ಸ್ತೂಪದಲ್ಲಿ “ರಾಯೋ ಅಸೋಕೋ” ಎಂಬ ಬರಹದೊಡನೆ ಅಶೋಕನ ಶಿಲ್ಪ ದೊರೆತಿದೆಯೆಂದೂ ಹೇಳಿದೆ. ಗೆಳೆಯರು ನಕ್ಕು, “ಹಾಗಾದರೆ ತಂದೆ ನಿಮ್ಮಲ್ಲಿ ಉಳಿದ, ಮಗಳು ನಮ್ಮಲ್ಲಿಗೆ ಬಂದಳು” ಎಂದರು.

ಮರಳುವಾಗ ಕಲಾವೆವೆಯ ದಂಡೆಯಲ್ಲಿ ಕುಳಿತೆವು. ವೆವೆ ಎಂದರೆ ಕೆರೆ. ಆದರೆ ಇದು ಕಣ್ಣಿಗೆ ಆಚೆದಡ ನಿಲುಕದ ಕೆರೆ. 5ನೆಯ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದುದು. ಇಲ್ಲಿಂದ ಅನುರಾಧಪುರಕ್ಕೆ ನೀರೊಯ್ಯುವ ಜಯಗಂಗೆ ಎಂಬ ಕಾಲುವೆಯ ಉದ್ದ ಸುಮಾರು 87 ಕಿಲೋಮೀಟರು. ಅದರ ಮೊದಲ ಭಾಗದ ಇಳಿಜಾರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರಿನಷ್ಟೇ ಎಂದರೆ ಆ ಕಾಲದವರ ಕಣ್ಣಳತೆಯನ್ನು ಏನೆಂದು ಹೊಗಳುವುದು! ಧಾತುಸೇನನನ್ನು ಮಗ ಕಾಶ್ಯಪನೇ ಸೆರೆಹಿಡಿದು, ಬಚ್ಚಿಟ್ಟ ಭಂಡಾರವೆಲ್ಲಿ ಎಂದು ಪೀಡಿಸಿದನಂತೆ. ಮುದಿ ರಾಜ ಈ ಕೆರೆಯಲ್ಲಿ ಮಿಂದು, ಬೊಗಸೆಯಲ್ಲಿ ನೀರನ್ನೆತ್ತಿ, ತನ್ನ ಐಶ್ವರ್ಯವೆಲ್ಲ ಇದೇ ಎಂದನಂತೆ. ಅದಕ್ಕಾಗಿ ಪ್ರಾಣ ತೆತ್ತ.

ಕತೆ ಕೇಳಿ ನಾನು ಸುಮ್ಮನಾದೆ. “ಏಕೆ?” ಎಂದು ಗೆಳೆಯರು ಕೇಳಿದರು. ಅದುವರೆಗೆ ಅವರಿಗೆ ಹೇಳದಿದ್ದುದನ್ನು ಹೇಳಿದೆ. ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ನಮ್ಮ ಊರು ಮುಳುಗಡೆಯಾಯಿತು. 1964ರಲ್ಲಿ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಅಪ್ಪನ ಆರೆಕರೆ ಎರೆಹೊಲವೂ ಹೋಯಿತು. ಅಪ್ಪ ಹೊಸ ಊರಿನಲ್ಲಿ ಎರಡು ವರ್ಷವೂ ಬದುಕಲಿಲ್ಲ. ಆದರೆ ಕೃಷ್ಣೆಯ ನೀರು ಕಾಲುವೆಯಾಗಿ ಇಂಡಿ, ಸಿಂದಗಿಗಳ ಕಡೆ ಹರಿದ ವರ್ಷ ನನ್ನ ವಿದ್ಯಾರ್ಥಿಗಳು ಶಾಲೆ ಬಿಟ್ಟು ಓಡಿದರು. ಅವರ ಹಿಂದೆ ನಾನೂ ಓಡಿದೆ. ಅಂದು ಸಂತೋಷಪಟ್ಟುದಕ್ಕಾಗಿ ಇಂದಿಗೂ ಅಪ್ಪನ ಮುಂದೆ ತಪ್ಪಿತಸ್ಥನಂತಿದ್ದೇನೆ.

ಗೆಳೆಯರು ಉತ್ತರ ಕೊಡಲಿಲ್ಲ. ಮರುದಿನ, ಮೊದಲು ಯೋಚಿಸಿರದ ಹಾದಿ ಹಿಡಿದು ನನ್ನನ್ನು ತೆಲ್ದೆನಿಯಕ್ಕೆ ಕರೆದೊಯ್ದರು. 1980ರ ದಶಕದಲ್ಲಿ ಮಹಾವೆಲಿ ನದಿಗೆ ಕಟ್ಟಿದ ವಿಕ್ಟೋರಿಯಾ ಜಲಾಶಯದಲ್ಲಿ ಹಳೆಯ ತೆಲ್ದೆನಿಯ ಪೇಟೆ ಮುಳುಗಿದೆ. ನೀರು ತೀರ ಇಳಿದ ವರ್ಷ ಅದರ ಪಳೆಯುಳಿಕೆಗಳು ತಲೆಯೆತ್ತುತ್ತವೆ. ನಾವು ಹೋದಾಗ ನೀರು ತುಂಬಿತ್ತು. ಗೆಳೆಯರು ಬೆರಳಿನಿಂದ ನೀರಿನ ಮೇಲೆ ಗೆರೆಯೆಳೆದಂತೆ, “ಅಲ್ಲಿ ಶಾಲೆ, ಅದರಾಚೆ ಸಂತೆ, ಆ ತಿರುವಿನಲ್ಲಿ ನಮ್ಮ ಮನೆ” ಎಂದು ತೋರಿಸಿದರು. ಮೈಸೂರಿನಲ್ಲಿ ಒಂದು ತಿಂಗಳು ಒಂದೇ ಕೋಣೆಯಲ್ಲಿದ್ದೂ ಇಬ್ಬರೂ ಇದನ್ನು ಆಡಿರಲಿಲ್ಲ!

“ಮನೆ ಬಿಡುವಾಗ ನಿಮ್ಮವರು ಏನು ತಂದರು?” ಎಂದು ಕೇಳಿದರು.

“ಅವ್ವ ಒಲೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.”

“ನಮ್ಮಮ್ಮ ಬಾವಿಯ ಹಗ್ಗ ತಂದಳು” ಎಂದರು. “ಹೊಸ ಮನೆಯಲ್ಲಿ ನಲ್ಲಿಯಿತ್ತು. ಹಗ್ಗ ಇನ್ನೂ ಗೂಟಕ್ಕಿದೆ.”

ಗಂಟಿನಲ್ಲಿ ಎರಡು ರೊಟ್ಟಿ ಉಳಿದಿದ್ದವು. ದಂಡೆಯ ಮೇಲೆ ಕುಳಿತು ತಿಂದೆವು. ಬಿಸಿಲು ಇಳಿಯುವವರೆಗೂ ಏಳಬೇಕೆನಿಸಲಿಲ್ಲ.