ಮನೆಯ ಆಮೆಗೆ ಸೊಪ್ಪು, ತರಕಾರಿ, ಹಣ್ಣು

ಕಳೆದ ಬೇಸಗೆಯಲ್ಲಿ ನಾವು ಮಿತ್ರರೊಬ್ಬರ ಮನೆಗೆ ಹೋಗಿದ್ದಾಗ, ಅವರ ಎಂಟು ವರ್ಷದ ಮಗಳು ತನ್ನ ಆಮೆಯನ್ನು ತೋರಿಸಬೇಕೆಂದು ನಮ್ಮ ಕೈ ಹಿಡಿದು ಒಳಕ್ಕೆ ಕರೆದುಕೊಂಡು ಹೋದಳು. ಗಾಜಿನ ತೊಟ್ಟಿಯೊಳಗೆ ಅಂಗೈಯಗಲದ ಆಮೆಯೊಂದು ಕಣ್ಣು ಮುಚ್ಚಿ ಕುಳಿತಿತ್ತು. "ಇದು ಯಾವಾಗಲೂ ನಿದ್ದೆ ಮಾಡುತ್ತಲೇ ಇರುತ್ತದೆ" ಎಂದಳು ಮಗು. ಸಮೀಪಕ್ಕೆ ಹೋಗಿ ನೋಡಲಾಗಿ ಅದು ನಿದ್ರೆಯಾಗಿರಲಿಲ್ಲ. ರೆಪ್ಪೆಗಳು ಊದಿಕೊಂಡು, ಆ ಬಡಜೀವಿಗೆ ಕಣ್ಣು ತೆರೆಯುವುದೇ ಅಸಾಧ್ಯವಾಗಿತ್ತು. ಆಹಾರವೇನೆಂದು ವಿಚಾರಿಸಿದೆವು. ಅನ್ನದ ಅಗುಳು, ಬಾಳೆಹಣ್ಣಿನ ಚೂರು, ಅಂಗಡಿಯಿಂದ ತಂದ ಒಣಸೀಗಡಿ, ಇಷ್ಟೇ ಎಂದು ಉತ್ತರ ಬಂದಿತು. ಪಶುವೈದ್ಯರು ಪರೀಕ್ಷಿಸಿ, ಇದು 'ಎ' ಜೀವಸತ್ವದ ಕೊರತೆಯಿಂದ ಬಂದ ರೋಗವೆಂದು ತಿಳಿಸಿದರು. ಪ್ರೀತಿಯಲ್ಲಿ ಆ ಮನೆಯವರು ಏನೂ ಕಡಿಮೆ ಮಾಡಿರಲಿಲ್ಲ. ಕಡಿಮೆಯಾಗಿದ್ದುದು ತಿಳಿವಳಿಕೆ ಮಾತ್ರ. ಇಂತಹ ಗೃಹಸ್ಥರು ಇನ್ನೂ ಅನೇಕರಿರಬಹುದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಮಾರಾಟವಾಗುವ ಆಮೆ ಬಹುಮಟ್ಟಿಗೆ ಅಮೆರಿಕದ ಮಿಸಿಸಿಪಿ ನದಿಯ ಪ್ರಾಂತದ್ದು. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವುದರಿಂದ ಅದನ್ನು ಕೆಂಪು ಕಿವಿಯ ಆಮೆಯೆಂದು ಕರೆಯುವರು. ಕೊಳ್ಳುವಾಗ ರೂಪಾಯಿಯಷ್ಟಗಲವಿರುವ ಈ ಮರಿ ಬೆಳೆದು ಒಂದಡಿಯ ಸಮೀಪಕ್ಕೆ ಬರುವುದು. ಸರಿಯಾಗಿ ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬಾಳುವುದು. ಆದುದರಿಂದ ಅದರ ಊಟದ ಪ್ರಶ್ನೆ ಒಂದೆರಡು ತಿಂಗಳ ವಿನೋದವಲ್ಲ, ಬಹುಕಾಲದ ಹೊಣೆ.

ಈ ಆಮೆ ಮರಿಯಾಗಿರುವಾಗ ಮುಖ್ಯವಾಗಿ ಮಾಂಸಾಹಾರಿ. ನೀರಿನ ಹುಳುಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಬೆಳೆಯುವುದು. ವಯಸ್ಸಾದಂತೆ ಸಸ್ಯದ ಕಡೆಗೆ ಅದರ ಒಲವು ಹೆಚ್ಚುವುದು. ಆದುದರಿಂದ ಮರಿಗೆ ಬರಿಯ ಸೊಪ್ಪನ್ನು ಹಾಕುವುದೂ, ಬೆಳೆದ ಆಮೆಗೆ ಬರಿಯ ಒಣಸೀಗಡಿಯನ್ನು ಹಾಕುವುದೂ ಎರಡೂ ತಪ್ಪು. ಸಸ್ಯಾಹಾರಿಗಳ ಮನೆಯಲ್ಲಿ ನಮ್ಮ ನೇಮವನ್ನು ಆಮೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಎರೆಹುಳುವನ್ನು ಮುಟ್ಟಲು ಮನಸ್ಸಿಲ್ಲದವರು ನೀರಾಮೆಗಳಿಗಾಗಿಯೇ ತಯಾರಿಸಿದ ಗುಳಿಗೆಗಳನ್ನು ತಂದಿಟ್ಟುಕೊಳ್ಳಬಹುದು.

ಇನ್ನು ಸೊಪ್ಪು ತರಕಾರಿಗಳ ವಿಚಾರ. ಬೆಳೆದ ಆಮೆಗೆ ಹಸುರು ಎಲೆಯೇ ನಿತ್ಯದ ಊಟವಾಗಿರತಕ್ಕದ್ದು. ದಾಸವಾಳದ ಎಳೆಯ ಎಲೆ ಮತ್ತು ಹೂವು, ಹಿಪ್ಪುನೇರಳೆಯ ಎಲೆ, ಇವು ನಮ್ಮ ನಾಡಿನಲ್ಲಿ ಸುಲಭವಾಗಿ ದೊರೆಯುವ ಒಳ್ಳೆಯ ಆಹಾರಗಳು. ಸಿಹಿಕುಂಬಳಕಾಯಿ, ಕ್ಯಾರೆಟ್, ಕೆಂಪು ಗೆಣಸು ಇವುಗಳನ್ನು ಸಣ್ಣಗೆ ತುರಿದು ವಾರಕ್ಕೆ ಒಂದೆರಡು ಸಲ ಸೇರಿಸಬೇಕು. ಇವುಗಳ ಹೊಂಬಣ್ಣದಲ್ಲಿಯೇ 'ಎ' ಜೀವಸತ್ವದ ಮೂಲವಿದೆ. ಆ ಮಗುವಿನ ಆಮೆಗೆ ತಪ್ಪಿಹೋಗಿದ್ದುದು ಇದೇ. ಸೌತೆಕಾಯಿಯನ್ನು ಆಮೆ ಇಷ್ಟಪಟ್ಟು ತಿನ್ನುವುದಾದರೂ ಅದರಲ್ಲಿ ನೀರೇ ಹೆಚ್ಚು, ಸಾರ ಕಡಿಮೆ.

ಪಾಲಕ್ ಸೊಪ್ಪು ನಮಗೆ ಹಿತವೆಂದು ಆಮೆಗೂ ದಿನದಿನವೂ ಹಾಕತಕ್ಕದ್ದಲ್ಲ. ಅದರಲ್ಲಿರುವ ಆಕ್ಸಾಲಿಕ್ ಆಮ್ಲವು ಆಹಾರದ ಸುಣ್ಣದ ಅಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವುದು. ಆಮೆಯ ಚಿಪ್ಪು ಎಲುಬಿನಿಂದಲೇ ಆದುದು. ಸುಣ್ಣ ಸಾಲದೆ ಹೋದರೆ ಅದು ಮೆತ್ತಗಾಗಿ ಸೊಟ್ಟಗಾಗುವುದು. ಕೋಸು, ಹೂಕೋಸುಗಳನ್ನು ಅಪರೂಪಕ್ಕೊಮ್ಮೆ ಕೊಟ್ಟರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಉಪ್ಪು ಒಗ್ಗರಣೆ ಬಿದ್ದ ಯಾವ ಪದಾರ್ಥವನ್ನೂ ಕೊಡಬಾರದು. ಅನ್ನ, ರೊಟ್ಟಿ, ಹಾಲು ಇವು ಆಮೆಯ ಆಹಾರಗಳೇ ಅಲ್ಲ.

ಹಣ್ಣಿನ ವಿಷಯದಲ್ಲಿ ನಮ್ಮ ಕೈ ಸ್ವಲ್ಪ ಬಿಗಿಯಾಗಿರಬೇಕು. ಸಿಹಿಯ ರುಚಿ ಹತ್ತಿದ ಆಮೆ ಸೊಪ್ಪನ್ನು ಮೂಸಿಯೂ ನೋಡದೆ ಹಠ ಹಿಡಿಯುವುದು. ಸಕ್ಕರೆಯ ಅಂಶ ಹೆಚ್ಚಾದರೆ ಹೊಟ್ಟೆಯೂ ಕೆಡುವುದು. ಆಮೆಯ ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಎರಡು ಪಾಲು ಸುಣ್ಣವಿರುವುದು ಮೇಲು. ಬಾಳೆಹಣ್ಣಿನಲ್ಲಿ ಇದು ತಲೆಕೆಳಗಾಗಿ, ಒಂದು ಪಾಲು ಸುಣ್ಣಕ್ಕೆ ಸುಮಾರು ನಾಲ್ಕು ಪಾಲು ರಂಜಕವಿದೆ. ಪರಂಗಿಹಣ್ಣಿನಲ್ಲಿಯಾದರೋ ಸುಣ್ಣವೇ ಹೆಚ್ಚು. ಆದುದರಿಂದ ವಾರಕ್ಕೊಮ್ಮೆ ಪರಂಗಿಯ ಒಂದು ಚೂರು, ಅಥವಾ ಬೀಜ ತೆಗೆದ ಸೇಬಿನ ಒಂದು ಚೂರು ಸಾಕಾದಷ್ಟಾಯಿತು.

ಕೊಡುವ ಕ್ರಮವೂ ಮುಖ್ಯವಾದುದು. ನೀರಾಮೆ ನೀರಿನೊಳಗಲ್ಲದೆ ನುಂಗಲಾರದು. ತುತ್ತನ್ನು ನೀರಿಗೇ ಹಾಕಬೇಕು. ಸೊಪ್ಪನ್ನು ಚೆನ್ನಾಗಿ ತೊಳೆದು ಔಷಧಿಯ ಸೋಂಕನ್ನು ಕಳೆಯಬೇಕು; ಗಂಟೆಯೊಳಗೆ ತಿನ್ನದೆ ಉಳಿದುದನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ನೀರು ಕೊಳೆಯುವುದು. ಎಷ್ಟು ಸುಣ್ಣ ಹೊಟ್ಟೆಗೆ ಹೋದರೂ ಬಿಸಿಲಿಲ್ಲದೆ ಅದು ಎಲುಬಿಗೆ ಸೇರದು. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಪ್ರಯೋಜನಕ್ಕೆ ಬಾರದು, ಬೇಕಾದ ಕಿರಣಗಳನ್ನು ಗಾಜು ತಡೆಯುವುದು. ಬೆಳಗಿನ ಎಳೆಬಿಸಿಲಿನಲ್ಲಿ, ಪಕ್ಕದಲ್ಲಿ ನೆರಳಿರುವಂತೆ, ಸ್ವಲ್ಪ ಹೊತ್ತು ಇಡುವುದು ಉಚಿತ.

ಗೃಹಿಣಿಯರಿಗೆ ಒಂದು ಎಚ್ಚರಿಕೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು. ಇದರಿಂದ ಮಕ್ಕಳು ಕಾಯಿಲೆ ಬಿದ್ದುದರಿಂದಲೇ ಅಮೆರಿಕದ ಸರಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಯನ್ನು ಮುಟ್ಟಿದ ಬಳಿಕ ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಯಿಸಿರಿ. ಅದರ ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬೇಡಿರಿ.

ನಮ್ಮ ಕಾಡುಹೊಲಗಳ ನಕ್ಷತ್ರದ ಆಮೆಯನ್ನು ಮನೆಗೆ ತರುವುದಂತೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹಾಗೆಯೇ ಸಾಕಿ ಬೇಸತ್ತ ಪರದೇಶದ ಆಮೆಯನ್ನು ಕೆರೆಗೆ ಬಿಡುವುದನ್ನು ಪುಣ್ಯವೆಂದು ತಿಳಿಯಬಾರದು. ಅದು ಅಲ್ಲಿ ಬೇರೂರಿ, ನಮ್ಮ ನಾಡಿನ ಆಮೆಗಳ ಅನ್ನಕ್ಕೂ ನೆಲೆಗೂ ಕಂಟಕವಾಗುವುದು. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟದವರು 1997ರಲ್ಲಿ ಅದರ ಆಮದನ್ನು ನಿಲ್ಲಿಸಿದರು.

ಕೆಲವು ವಾರಗಳ ತರುವಾಯ ನಾವು ಮತ್ತೆ ಆ ಮಿತ್ರರ ಮನೆಗೆ ಹೋದೆವು. ವೈದ್ಯರ ಔಷಧಿಯೂ, ತಾಯಿ ದಿನವೂ ತೆಗೆದಿರಿಸುತ್ತಿದ್ದ ಸೊಪ್ಪು ಕುಂಬಳಕಾಯಿಯೂ ಕೂಡಿ ಕೆಲಸ ಮಾಡಿದ್ದುವು. ಮಗು ದಾಸವಾಳದ ಎಸಳೊಂದನ್ನು ನೀರಿಗೆ ಹಾಕಿದಳು. ಆಮೆ ಕಣ್ಣು ಬಿಟ್ಟು, ಕತ್ತು ಚಾಚಿ, ಅದನ್ನು ಹಿಡಿಯಿತು. "ಈಗ ಅದಕ್ಕೆ ನಾನು ಕಾಣುತ್ತೇನೆ" ಎಂದಳು ಹುಡುಗಿ.