ನುಂಗುವಾಗ ನೋವೇ? ಕವಳದ ಕಡೆಗೂ ನೋಡಿ

ಕೊನೆಕೊಯ್ಲಿನ ದಿನಗಳಲ್ಲಿ ಸಂಘಕ್ಕೆ ಬರುವ ಸದಸ್ಯರಲ್ಲಿ ಕೆಲವರು ಕೆನ್ನೆ ಹಿಡಿದುಕೊಂಡು, ‘ದವಡೆ ಸೆಳೆತ, ಕಿವಿಬುಡ ನೋವು, ಸಾರು ನುಂಗಿದರೂ ಉರಿ’ ಎನ್ನುವುದುಂಟು. ಹಲ್ಲುನೋವೆಂದು ಲವಂಗದೆಣ್ಣೆ, ಶೀತವೆಂದು ಕಷಾಯ. ಇದು ನಮ್ಮ ಹುಲೇಕಲ್ ಸೀಮೆಯ ರೂಢಿ. ಹಲ್ಲು ಗಟ್ಟಿಯಿದ್ದೂ ನೋವು ತಿಂಗಳುಗಟ್ಟಲೆ ನಿಂತರೆ, ನುಂಗುವ ಸ್ನಾಯುಗಳನ್ನೂ ವಿಚಾರಿಸಬೇಕು.

ಪ್ರತಿ ಗುಟುಕಿಗೂ ದವಡೆಯನ್ನು ನಿಲ್ಲಿಸಿ ಹಿಡಿಯಲು ಕೆನ್ನೆಯ ಹಾಗೂ ಕಣತಲೆಯ ಸ್ನಾಯುಗಳು ಬಿಗಿಯುತ್ತವೆ. ನಾಲಿಗೆ ಅಂಗುಳಕ್ಕೆ ಒತ್ತುತ್ತದೆ, ಗದ್ದದ ಕೆಳಗಿನ ಸ್ನಾಯುಗಳು ಗಂಟಲನ್ನು ಮೇಲೆಳೆಯುತ್ತವೆ. ದಿನಕ್ಕೆ ನೂರಾರು ಸಲ ನಡೆಯುವ ಕೆಲಸವಿದು. ಬಾಯಲ್ಲಿ ಸದಾ ಕವಳವಿದ್ದರೆ ಜೊಲ್ಲು ಹೆಚ್ಚುತ್ತದೆ, ಅಗಿಯುವ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ಅಲ್ಲೆದ್ದ ನೋವು ಕಿವಿಯಲ್ಲೋ ಹಲ್ಲಿನಲ್ಲೋ ಕಾಣಿಸಿಕೊಳ್ಳುತ್ತದೆ. ಹಾಗಾಗಿಯೇ ಹುಳುಕಿಲ್ಲದ ಹಲ್ಲನ್ನು ಕೀಳಿಸಿಕೊಂಡವರೂ ಇದ್ದಾರೆ. ಇಂಥ ದಣಿವಿನ ನೋವಿಗೆ ಮೆತ್ತನೆಯ ಊಟ, ಬಿಸಿ ಶಾಖ, ಮಾತೂ ಊಟವೂ ಇಲ್ಲದಾಗ ಮೇಲು-ಕೆಳಗಿನ ಹಲ್ಲು ತಾಗದಂತೆ ದವಡೆ ಸಡಿಲಬಿಡುವ ಅಭ್ಯಾಸ, ಇಷ್ಟರಿಂದಲೇ ಬಹಳ ಮಂದಿಗೆ ಗುಣ ಕಾಣುತ್ತದೆ.

ನಾವು ಹೆದರಬೇಕಾದದ್ದು ಇನ್ನೊಂದಕ್ಕೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಇದನ್ನು ಕಂಡು ಬರೆದರು. ಮರುವರ್ಷ ಮುಂಬಯಿಯ ಜೋಶಿಯವರು ವಿವರಿಸಿದರು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗದಲ್ಲಿ ಕೆನ್ನೆಯೊಳಗಿನ ಮೆತ್ತನೆಯ ಪೊರೆಯಡಿ ನಾರು ಬೆಳೆಯುತ್ತದೆ. ಮೊದಲು ಖಾರಕ್ಕೆ ಉರಿ. ಆಮೇಲೆ ಬೆರಳಿಗೆ ಸಿಗುವ ಬಿಳಿಚಿದ ಪಟ್ಟಿ, ನಾಲಿಗೆ ಚಾಚಲು ಕಷ್ಟ, ಕಿರಿದಾಗುವ ಬಾಯಿ. ನಾರು ಅಂಗುಳ-ಗಂಟಲಿನ ಸ್ನಾಯುಗಳಿಗೂ ಹಬ್ಬಿದರೆ ನುಂಗುವುದೇ ಸಂಕಟ, ಕಿವಿನೋವೂ ಸೇರಿಕೊಳ್ಳುತ್ತದೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ. ಕಾರಣ ಮುಖ್ಯವಾಗಿ ಅಡಿಕೆಯೇ. ಅದರಲ್ಲಿರುವ ಅರೆಕೋಲಿನ್ ನಾರಿನ ಬೆಳವಣಿಗೆಯನ್ನು ಕೆರಳಿಸುತ್ತದೆ.

ಅಡಿಕೆ ಮಾರಿ ಬದುಕುವ ನಾವೇ ಇದನ್ನು ಬರೆದದ್ದು ಕೆಲವರಿಗೆ ಸರಿಬಾರದಿರಬಹುದು. ಕೊಳೆರೋಗವನ್ನು ಮುಚ್ಚಿಟ್ಟು ತೋಟ ಉಳಿಸಿಕೊಂಡವರನ್ನು ನಾವಂತೂ ಕಂಡಿಲ್ಲ. ಗುಟಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು, ನಮ್ಮ ಮನೆಯ ಹರಿವಾಣದ ಕವಳ ಬೇರೆ ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಸೇರಿಸಿದೆ.

ಮನೆಯಲ್ಲೇ ನೋಡಿಕೊಳ್ಳುವ ಒಂದು ಉಪಾಯವುಂಟು. ತೋರು, ನಡು, ಉಂಗುರದ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರಕ್ಕೆ ಉರಿಯಿದ್ದರೆ, ಬಾಯಿಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಕೊಯ್ಲು ಮುಗಿಯಲೆಂದು ಕಾಯಬೇಡಿ. ಅಗಿಯುವುದನ್ನು ಬಿಟ್ಟರೆ ರೋಗದ ಮುನ್ನಡೆ ತಗ್ಗಬಹುದು, ಕೂಡಿದ ನಾರು ಮಾತ್ರ ಪೂರ್ತಿ ಕರಗದು. ಇನ್ನು, ನುಂಗಿದೊಡನೆ ಮಿಂಚಿನಂತೆ ಹೊಡೆಯುವ ನೋವು ನರದ್ದಿರಬಹುದು, ಅದಕ್ಕೆ ಬೇರೆಯೇ ಔಷಧ.

ಶಿರಸಿಯಲ್ಲಿ ದಂತವೈದ್ಯರಿದ್ದಾರೆ, ಹೆಚ್ಚಿನ ತಪಾಸಣೆಗೆ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿದೆ. ಹೋದಾಗ ಕವಳ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ತಂಬಾಕು ಸೇರಿಸಿಯೋ ಬಿಟ್ಟೋ ಎಂಬುದನ್ನು ಸಂಕೋಚವಿಲ್ಲದೆ ಹೇಳಿ.